ಶಸ್ತ್ರಸಂನ್ಯಾಸ: ಕನ್ನಡ ನೆಲದ ವೀರರು ಕಣ ಬಿಟ್ಟ ಬಗೆ

ಯುದ್ಧವನ್ನೇ ಬಾಳಿನ ಕಸುಬಾಗಿ ಹಿಡಿದವನು ಆಯುಧ ಕೆಳಗಿಟ್ಟು, ಇನ್ನದನ್ನು ಮುಟ್ಟೆನೆಂದು ಕಣದಿಂದ ಸರಿಯುವುದಕ್ಕೆ ಶಸ್ತ್ರಸಂನ್ಯಾಸವೆಂದು ಹೆಸರು. ಸೋತು ಓಡಿದವನು, ಸೆರೆ ಸಿಕ್ಕವನು, ಕೈಕಾಲು ಕಳೆದುಕೊಂಡು ಮನೆ ಸೇರಿದವನು ಈ ಮಾತಿನ ವ್ಯಾಪ್ತಿಗೆ ಬರುವುದಿಲ್ಲ. ತೋಳಿನಲ್ಲಿ ಕಸುವು ಉಳಿದಿರುವಾಗಲೇ ಬಿಡುವುದು ಇದರ ಮುಖ್ಯ ಲಕ್ಷಣ. ಹಳಗನ್ನಡ ಕಾವ್ಯ, ಶಾಸನ, ಶರಣರ ಚರಿತ್ರೆ, ಲಾವಣಿ, ಗರಡಿಮನೆ ಎಲ್ಲದರಲ್ಲೂ ಇದರ ಬಗೆಗಳು ಕಾಣಸಿಗುತ್ತವೆ. ಉತ್ತರಕ್ಕೆ ಭೀಮೆ, ದಕ್ಷಿಣಕ್ಕೆ ಕೃಷ್ಣೆ, ನಡುವೆ ಡೋಣಿ ಹರಿಯುವ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಸೀಮೆ ಈ ವಿಷಯಕ್ಕೆ ಹೇಳಿ ಮಾಡಿಸಿದ ನೆಲ. ಅಧಿಕಾರ ತೊರೆದು ನಡೆದ ಬಸವಣ್ಣ ಹುಟ್ಟಿದ್ದು ಇಲ್ಲಿ; ತೊರೆದು ಹೊರಟವರ ಬೆನ್ನು ಕಾಯಲು ಕತ್ತಿ ಹಿಡಿದ ಮಡಿವಾಳ ಮಾಚಿದೇವ ಹುಟ್ಟಿದ್ದೂ ಇಲ್ಲೇ; ಮುಪ್ಪಿನಲ್ಲೂ ಕಣ ಬಿಡಲೊಲ್ಲದ ರಾಮರಾಯ ತಲೆ ಕೊಟ್ಟದ್ದು ಈ ಸೀಮೆಯ ಕೃಷ್ಣಾತೀರದಲ್ಲಿ.

ಚೀನೀ ಕಥೆಗಳ ಚಿನ್ನದ ಬೋಗುಣಿ

ವೀರನ ನಿವೃತ್ತಿಯನ್ನು ಒಂದು ಸಾಹಿತ್ಯಪ್ರಕಾರದ ನಡುಗಂಬವನ್ನಾಗಿ ಮಾಡಿಕೊಂಡವರು ಚೀನೀಯರು. 'ವೂಷಿಯಾ' ಎಂಬ ಅವರ ಸಾಹಸಕಾದಂಬರಿಗಳಲ್ಲಿ ಕತ್ತಿವರಸೆಯವರು, ಮಠಗಳು, ಗುಂಪುಗಳು, ಅವುಗಳ ಹಗೆ-ಋಣಗಳೆಲ್ಲ ಸೇರಿ ಸರ್ಕಾರದ ಹಿಡಿತಕ್ಕೆ ಸಿಗದ ಒಂದು ಲೋಕವಾಗುತ್ತದೆ. ಅದನ್ನು 'ಜಿಯಾಂಗ್‌ಹು' ಎನ್ನುತ್ತಾರೆ. ಆ ಲೋಕ ಬಿಡುವವನು ಸಮಾನಸ್ಕಂಧರನ್ನೆಲ್ಲ ಮನೆಗೆ ಕರೆದು, ಅವರ ಎದುರಿಗೆ ಚಿನ್ನದ ಬೋಗುಣಿಯ ನೀರಿನಲ್ಲಿ ಕೈ ತೊಳೆದು, ಇಂದಿನಿಂದ ಯಾರ ಜಗಳಕ್ಕೂ ತಾನಿಲ್ಲವೆಂದು ಸಾರಬೇಕು. ಜಿನ್ ಯೊಂಗ್ (1924–2018) 1967ರಿಂದ 1969ರವರೆಗೆ ಧಾರಾವಾಹಿಯಾಗಿ ಬರೆದ ಕಾದಂಬರಿಯೊಂದರಲ್ಲಿ ಲಿಯೂ ಜೆಂಗ್‌ಫೆಂಗ್ ಎಂಬ ಹಿರಿಯ ಈ ವಿಧಿಗೆ ಅಣಿಯಾಗುತ್ತಾನೆ. ಅವನ ಆಪ್ತಗೆಳೆಯ ಶತ್ರುಪಂಥದವನು. ಇಬ್ಬರನ್ನೂ ಕೂಡಿಸಿದ್ದು ಸಂಗೀತ. ಕೈ ನೀರಿಗೆ ತಾಕುವ ಮೊದಲೇ ಮಿತ್ರಪಂಥದವರು ಬಾವುಟ ಹಿಡಿದು ಬಂದು ತಡೆಯುತ್ತಾರೆ. ಗೆಳೆಯನನ್ನು ಕೊಲ್ಲಲು ಒಪ್ಪದ್ದಕ್ಕೆ ಅವನ ಮನೆಮಂದಿಯನ್ನು ಕಣ್ಣೆದುರೇ ಕೊಲ್ಲುತ್ತಾರೆ. ನಿವೃತ್ತಿ ಎಂಬುದು ಉಳಿದವರು ಒಪ್ಪಿದರೆ ಮಾತ್ರ ದಕ್ಕುವ ಸೊತ್ತು ಎಂಬುದನ್ನು ಇದಕ್ಕಿಂತ ಕ್ರೂರವಾಗಿ ಹೇಳಿದ ಕಥೆ ಸಿಗುವುದು ಕಷ್ಟ.

ಸುಖವಾಗಿ ಹೊರಬಿದ್ದವರೂ ಈ ಕಥೆಗಳಲ್ಲಿದ್ದಾರೆ. ಯಾಂಗ್ ಗುವೊ ಹೆಂಡತಿಯೊಡನೆ ಹಳೆಯ ಗೋರಿಯೊಂದರ ಏಕಾಂತಕ್ಕೆ ಮರಳುತ್ತಾನೆ. ಜಾಂಗ್ ವೂಜಿ ದೊಡ್ಡ ಪಂಥದ ನಾಯಕತ್ವ ಬಿಟ್ಟು ನಲ್ಲೆಯ ಹುಬ್ಬು ತೀಡುವ ಕೆಲಸಕ್ಕೆ ನಿಲ್ಲುತ್ತಾನೆ. ಗಡಿಯಾಚೆ ಹೋಗಿ ದನ-ಕುರಿ ಮೇಯಿಸಿಕೊಂಡಿರಬೇಕೆಂದು ಕನಸು ಕಂಡ ಚಿಯಾವೊ ಫೆಂಗ್‌ಗೆ ಮಾತ್ರ ಅದು ಕೈಗೂಡುವುದಿಲ್ಲ. ಯಾರೊಡನೆ ಹೋಗಬೇಕೆಂದಿದ್ದನೋ ಅವಳು ಅವನ ಹೊಡೆತದಿಂದಲೇ ಸಾಯುತ್ತಾಳೆ. ಈ ಎಲ್ಲ ಪಾತ್ರಗಳ ಬೆನ್ನಿಗೆ ಒಬ್ಬ ಚಾರಿತ್ರಿಕ ಪುರುಷನಿದ್ದಾನೆ. ಕ್ರಿ.ಪೂ. 473ರಲ್ಲಿ ಯುಎ ರಾಜ್ಯದ ದೊರೆ ಗೌಜಿಯನ್‌ಗೆ ಜಯ ತಂದುಕೊಟ್ಟ ಮಂತ್ರಿ ಫಾನ್ ಲೀ ಗೆದ್ದೊಡನೆ ಎಲ್ಲವನ್ನೂ ಬಿಟ್ಟು ದೋಣಿಯೇರಿ ಹೋದನೆಂದು ಪ್ರತೀತಿ; ಅಲ್ಲೇ ಉಳಿದ ಸಹಮಂತ್ರಿ ವೆನ್ ಜೊಂಗ್ ಅದೇ ದೊರೆಯಿಂದ ಸಾವಿಗೀಡಾದ. ಚೀನೀಯರ ಎಣಿಕೆಯಲ್ಲಿ ಸಕಾಲಕ್ಕೆ ಎದ್ದುಹೋಗಿ ಜೀವ ಉಳಿಸಿಕೊಳ್ಳುವುದೇ ಜಾಣತನ, ಅದರಲ್ಲಿ ನಾಚಿಕೆಯೇನಿಲ್ಲ. ಜಿನ್ ಯೊಂಗ್ ಕೂಡ 1972ರಲ್ಲಿ, ಕೀರ್ತಿ ತುದಿ ಮುಟ್ಟಿದ್ದಾಗ, ಹೊಸ ಕಾದಂಬರಿ ಬರೆಯುವುದನ್ನು ನಿಲ್ಲಿಸಿಬಿಟ್ಟರು.

ಕನ್ನಡ ಪರಂಪರೆಯ ಲೆಕ್ಕ ಬೇರೆ. ಇಲ್ಲಿ ವೀರನನ್ನು ಕಣದಲ್ಲಿ ಕಟ್ಟಿಹಾಕಿದ್ದು ಅನ್ನದ ಋಣ. ಅದು ತೀರುವವರೆಗೆ ಬಿಡುಗಡೆಯ ಮಾತಿಲ್ಲ, ತೀರಿದ ಮೇಲೆ ಯಾರ ಅಪ್ಪಣೆಯೂ ಬೇಕಿಲ್ಲ.

ಜೋಳದ ಋಣ

ಡೋಣಿ ಬೆಳೆದರೆ ಓಣಿಯೆಲ್ಲ ಜೋಳ ಎಂದು ಈ ಸೀಮೆಯವರು ಹೇಳುತ್ತಾರೆ. ಕರಿ ಎರೆಮಣ್ಣಿನಲ್ಲಿ ಹಿಂಗಾರಿ ಬಿಳಿಜೋಳ ಬೆಳೆಯುವ ಈ ನಾಡಿನ ಓದುಗರಿಗೆ ಹಳಗನ್ನಡದ 'ಜೋಳದ ಪಾಳಿ'ಯನ್ನು ಬಿಡಿಸಿ ಹೇಳಬೇಕಾದ್ದಿಲ್ಲ. ಒಡೆಯ ಹಾಕಿದ ಜೋಳ ತಿಂದವನು ಅದಕ್ಕೆ ಬದಲಾಗಿ ಜೀವ ಕೊಡಲು ಬದ್ಧ. ಇದಕ್ಕಿಂತ ಬಿಗಿಯಾದದ್ದು ವೇಳೆವಾಳಿ: ಒಡೆಯ ಸತ್ತರೆ ತಾನೂ ಸಾಯುತ್ತೇನೆಂದು ಮೊದಲೇ ಮಾತು ಕೊಟ್ಟಿರುವುದು. ಹೊಯ್ಸಳರ ಕಾಲದಲ್ಲಿ ಇಂಥವರನ್ನು ಗರುಡರೆಂದರು. ಇಮ್ಮಡಿ ಬಲ್ಲಾಳ 1220ರಲ್ಲಿ ತೀರಿಕೊಂಡಾಗ ಅವನ ದಂಡನಾಯಕ ಕುವರಲಕ್ಷ್ಮ ಹೆಂಡತಿಯೊಡನೆ, ತನ್ನ ಲೆಂಕರೆಂಬ ಆಳುಗಳೊಡನೆ ಪ್ರಾಣ ಬಿಟ್ಟದ್ದನ್ನು ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಶಾಸನ ಹೇಳುತ್ತದೆ. ತಲೆ ಕತ್ತರಿಸಿಕೊಳ್ಳುತ್ತಿರುವ ಆಳುಗಳ ಚಿತ್ರವೂ ಅಲ್ಲಿದೆ. ಕೃಷ್ಣರಾಜಪೇಟೆ ತಾಲ್ಲೂಕಿನ ಅಗ್ರಹಾರ ಬಾಚಹಳ್ಳಿಯಲ್ಲಿ ಗರುಡರ ಕಂಬಗಳೇ ನಿಂತಿವೆ. ಒಡೆಯನ ಸಾವಿನ ನಂತರ ಬದುಕಿಗೆ ಅವಕಾಶವೇ ಇಲ್ಲದ ಕಡೆ ನಿವೃತ್ತಿಯ ಪ್ರಶ್ನೆ ಏಳುವುದಿಲ್ಲ.

ನಾಡಿನ ತುಂಬ ಹರಡಿರುವ ವೀರಗಲ್ಲುಗಳೂ ಇದನ್ನೇ ಹೇಳುತ್ತವೆ. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ಮಡಿದ ವೀರನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು, ಮೇಲೆ ಶಿವನ ಸನ್ನಿಧಿ. ತುರು ಕಾಯ್ದು ಮಡಿದವನಿಗೆ ಕಲ್ಲುಂಟು. ಹತ್ತು ಕಾಳಗ ಗೆದ್ದು ಮುಪ್ಪಿನಲ್ಲಿ ಮನೆಯಂಗಳದಲ್ಲಿ ತೀರಿಹೋದವನಿಗೆ ಕಲ್ಲಿಲ್ಲ. ಬದುಕಿ ಉಳಿದ ಯೋಧನ ವಿಷಯದಲ್ಲಿ ನಮ್ಮ ಚರಿತ್ರೆ ಮಾತಾಡದಿರುವುದಕ್ಕೆ ಇದೇ ದೊಡ್ಡ ಕಾರಣ.

ಭಾರತದ ಕಥೆಯಲ್ಲೂ ಋಣ ತೀರುವ ಮುಂಚೆ ಆಯುಧ ಬಿಟ್ಟವರ ಗತಿ ನೆಟ್ಟಗಿಲ್ಲ. ಅಶ್ವತ್ಥಾಮ ಸತ್ತನೆಂಬ ಮಾತು ಕಿವಿಗೆ ಬಿದ್ದೊಡನೆ ದ್ರೋಣ ಬಿಲ್ಲು ಬಿಸುಟು ರಥದಲ್ಲೇ ಯೋಗಕ್ಕೆ ಕೂತ. ಧೃಷ್ಟದ್ಯುಮ್ನ ಬಂದು ತಲೆ ಕತ್ತರಿಸಿದ. ಶಿಖಂಡಿಯ ಎದುರು ಬಾಣ ಹೂಡೆನೆಂದ ಭೀಷ್ಮ ಶರಶಯ್ಯೆಗೆ ಬಿದ್ದ. ಲಿಯೂ ಜೆಂಗ್‌ಫೆಂಗ್‌ನ ಮನೆಯಲ್ಲಿ ನಡೆದದ್ದು ಕುರುಕ್ಷೇತ್ರಕ್ಕೆ ಹೊಸದಲ್ಲ. ಪಂಪನ ಕರ್ಣ ಇದಕ್ಕೆ ಇನ್ನೊಂದು ಮುಖ: ಹುಟ್ಟಿನ ಗುಟ್ಟು ತಿಳಿದು, ತಾಯಿಯೇ ಬಂದು ಕರೆದರೂ, ದುರ್ಯೋಧನನ ಅನ್ನ ಉಂಡವನು ಪಾಳೆಯ ಬದಲಿಸಲು ಒಪ್ಪುವುದಿಲ್ಲ. ಅವನಿಗೆ ಹೊರಹೋಗುವ ಬಾಗಿಲು ತೆರೆದೇ ಇತ್ತು ಎಂಬುದರಿಂದಲೇ ಆ ನಿರಾಕರಣೆಗೆ ತೂಕ ಬಂದಿದೆ.

ಪಾಂಡವರು ಅಜ್ಞಾತವಾಸಕ್ಕೆ ಹೊರಟಾಗ ಆಯುಧಗಳನ್ನು ಬನ್ನಿಮರದಲ್ಲಿ ಕಟ್ಟಿಟ್ಟದ್ದು ತಾತ್ಕಾಲಿಕ ಶಸ್ತ್ರಸಂನ್ಯಾಸ, ವರ್ಷ ತುಂಬಿದ ಮೇಲೆ ಮತ್ತೆ ಕೈಗೆ ಬಂದಂಥದ್ದು. ವಿಜಯಪುರ ಸೀಮೆಯಲ್ಲಿ ದಸರೆಯ ದಿನ ಬನ್ನಿ ಕೊಟ್ಟು 'ಬಂಗಾರಧಾಂಗ ಇರೋಣು' ಎನ್ನುವಾಗ ಈ ಕಥೆ ಎಲ್ಲರ ನೆನಪಿನಲ್ಲಿರುತ್ತದೆ ಎನ್ನಲಾಗದು. ವರ್ಷದ ಹಗೆಯನ್ನು ಆ ಒಂದು ಸಂಜೆಯಾದರೂ ಕೆಳಗಿಡಬೇಕೆಂಬ ಕಟ್ಟಳೆ ಮಾತ್ರ ಉಳಿದಿದೆ.

ಗೆದ್ದು ಬಿಟ್ಟವರು

ಹತ್ತನೆಯ ಶತಮಾನದ ಜೈನ ಕವಿಗಳೂ ಸೇನಾನಿಗಳೂ ಈ ಬಿಕ್ಕಟ್ಟಿಗೆ ಒಂದು ದಾರಿ ಕಂಡುಕೊಂಡರು. ಆ ದಾರಿಯ ಮೂಲಪುರುಷ ಬಾಹುಬಲಿ. ಪಂಪನ ಆದಿಪುರಾಣದಲ್ಲಿ (ಕ್ರಿ.ಶ. 941–42) ಅಣ್ಣ ಭರತನೊಡನೆ ನಡೆದ ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧ ಮೂರರಲ್ಲೂ ಅವನದೇ ಮೇಲುಗೈ. ಎತ್ತಿ ಹಿಡಿದ ಅಣ್ಣನನ್ನು ನೆಲಕ್ಕೆ ಅಪ್ಪಳಿಸುವುದೊಂದೇ ಬಾಕಿ ಎನ್ನುವ ಹೊತ್ತಿನಲ್ಲಿ ಕೆಳಗಿಳಿಸುತ್ತಾನೆ; ಗೆದ್ದ ರಾಜ್ಯವನ್ನು ಸೋತವನಿಗೇ ಕೊಟ್ಟು ಕಾಡಿಗೆ ನಡೆಯುತ್ತಾನೆ. ವೂಷಿಯಾ ಓದಿದವರಿಗೆ ಇದರ ಮುಂದಿನ ಭಾಗ ವಿಶೇಷವಾಗಿ ಹಿಡಿಸಬೇಕು. ಮೈಗೆ ಬಳ್ಳಿ ಹಬ್ಬುವವರೆಗೆ ನಿಂತರೂ ಬಾಹುಬಲಿಗೆ ಕೇವಲಜ್ಞಾನ ಬರುವುದಿಲ್ಲ. ತಾನು ನಿಂತಿರುವ ನೆಲ ಭರತನದು ಎಂಬ ಮುಳ್ಳೊಂದು ಒಳಗೆ ಉಳಿದಿರುತ್ತದೆ. ಭರತನೇ ಬಂದು ಕೈಮುಗಿದ ಮೇಲೆ ಅದು ಕಿತ್ತುಬರುತ್ತದೆ. ಕಣ ಬಿಟ್ಟವನೊಳಗೆ ಕಣ ಇನ್ನೂ ಇರುತ್ತದೆ ಎಂಬ ತಿಳಿವಳಿಕೆಗೆ ಕನ್ನಡದಲ್ಲಿ ಇದಕ್ಕಿಂತ ಹಳೆಯ, ಇದಕ್ಕಿಂತ ಆಳದ ನಿದರ್ಶನವಿಲ್ಲ.

ಈ ಆದರ್ಶ ಕಾವ್ಯದಲ್ಲೇ ಉಳಿಯಲಿಲ್ಲ. ಗಂಗರ ಇಮ್ಮಡಿ ಮಾರಸಿಂಹ (ಆಳ್ವಿಕೆ 963–974) ರಾಷ್ಟ್ರಕೂಟರ ಬಲಗೈಯಾಗಿ ಕಾದಿದವನು. ನೊಳಂಬರನ್ನು ಸದೆಬಡಿದು 'ನೊಳಂಬಕುಲಾಂತಕ' ಎನಿಸಿದವನು. 972ರಲ್ಲಿ ಪರಮಾರರು ಮಾನ್ಯಖೇಟವನ್ನು ಕೊಳ್ಳೆ ಹೊಡೆದರು, ಮರುವರ್ಷ ತೈಲಪ ರಾಷ್ಟ್ರಕೂಟ ಸಿಂಹಾಸನವನ್ನೇ ಕಿತ್ತುಕೊಂಡ. ಮಾರಸಿಂಹ ತನ್ನ ಸೋದರಳಿಯ ನಾಲ್ವಡಿ ಇಂದ್ರನಿಗೆ ಪಟ್ಟ ಕಟ್ಟಿ ಆ ಮನೆತನವನ್ನು ಎತ್ತಿ ನಿಲ್ಲಿಸಲು ಯತ್ನಿಸಿದ. ಅದು ಫಲಿಸಲಿಲ್ಲ. ಕೊನೆಗೆ ರಾಜ್ಯ ತೊರೆದು, ಬಂಕಾಪುರದಲ್ಲಿ ಅಜಿತಸೇನ ಭಟ್ಟಾರಕರ ಸನ್ನಿಧಿಯಲ್ಲಿ ಸಲ್ಲೇಖನ ಕೈಗೊಂಡು ಮೂರು ದಿನದಲ್ಲಿ ದೇಹ ಬಿಟ್ಟ. ಶ್ರವಣಬೆಳಗೊಳದ ಚಂದ್ರಗಿರಿಯ ಕೂಗೆ ಬ್ರಹ್ಮದೇವ ಕಂಬದ ಶಾಸನ ಅವನ ಯುದ್ಧಗಳನ್ನು ಒಂದೊಂದಾಗಿ ಎಣಿಸಿ, ಕೊನೆಯಲ್ಲಿ ಈ ಸಾವನ್ನು ಹೇಳುತ್ತದೆ. ಆ ಶಾಸನದ ಕ್ರಮವೇ ಒಂದು ವಾದ: ಗೆಲುವುಗಳ ಪಟ್ಟಿಯ ತುದಿಗೆ ಉಪವಾಸವನ್ನು ಇನ್ನೊಂದು ಗೆಲುವೆಂಬಂತೆ ಇರಿಸಿದೆ. ಎಂಟು ವರ್ಷದ ಬಳಿಕ, 982ರಲ್ಲಿ, ಇಂದ್ರನೂ ಶ್ರವಣಬೆಳಗೊಳಕ್ಕೆ ಬಂದು ಅದೇ ವ್ರತದಿಂದ ಮಡಿದ. ಗಂಧವಾರಣ ಬಸದಿಯ ಬಳಿಯ ಅವನ ಶಾಸನ ಕುದುರೆಯೇರಿ ಚೆಂಡಾಡುವುದರಲ್ಲಿ ಅವನಿಗಿದ್ದ ಚಳಕವನ್ನು ಬಹಳ ಇಷ್ಟಪಟ್ಟು ಬಣ್ಣಿಸುತ್ತದೆ. ರಾಷ್ಟ್ರಕೂಟ ಸಾಮ್ರಾಜ್ಯದ ಕಡೆಯ ವಾರಸುದಾರನ ನೆನಪಿಗೆ ಉಳಿದದ್ದು ಒಂದು ಆಟ ಮತ್ತು ಒಂದು ಉಪವಾಸ.

ಅದೇ ಗಂಗರ ಸೇನಾನಿ ಚಾವುಂಡರಾಯ ಮತ್ತೊಂದು ಮಾದರಿ. 'ಸಮರಪರಶುರಾಮ' ಎಂಬ ಬಿರುದು ಹೊತ್ತವನು 978ರಲ್ಲಿ ಗದ್ಯದಲ್ಲಿ ಪುರಾಣ ಬರೆದ. ಕೆಲವೇ ವರ್ಷಗಳಲ್ಲಿ ವಿಂಧ್ಯಗಿರಿಯ ಮೇಲೆ ಗೊಮ್ಮಟನನ್ನು ಕಡೆಯಿಸಿದ. ಅವನು ಪದವಿ ಬಿಟ್ಟು ಕಾಡಿಗೆ ಹೋದವನಲ್ಲ. ಆದರೂ ಯುದ್ಧ ಬಿಟ್ಟ ಯೋಧನನ್ನೇ ಆರಿಸಿ ಬಂಡೆಯಲ್ಲಿ ನಿಲ್ಲಿಸಿದ್ದು ಒಬ್ಬ ಹಾಲಿ ದಂಡನಾಯಕ ಎಂಬುದು ಕಡಿಮೆ ಸಂಗತಿಯಲ್ಲ.

ಅವನ ಆಶ್ರಯ ಕಂಡ ರನ್ನ ಕೃಷ್ಣೆಯಾಚೆಯ ಮುಧೋಳದವನು, ಬಳೆಗಾರರ ಮನೆಯ ಹುಡುಗ. ಅವನ ಗದಾಯುದ್ಧ ನಿವೃತ್ತಿಯ ಅಣಕದಂಥ ಒಂದು ಪ್ರಸಂಗವನ್ನು ಕಟ್ಟಿಕೊಡುತ್ತದೆ. ತಮ್ಮಂದಿರು, ಗೆಳೆಯ, ಗುರು ಎಲ್ಲ ಮಡಿದ ರಣದಲ್ಲಿ ಹೆಣಗಳ ನಡುವೆ ಕಾಲಿಡುತ್ತ ಬಂದ ದುರ್ಯೋಧನನಿಗೆ ಒಂದು ದಿನ ಸರೋವರದಲ್ಲಿ ಅಡಗಿರು ಎಂದು ಭೀಷ್ಮ ಬುದ್ಧಿ ಹೇಳುತ್ತಾನೆ. ಲೆಕ್ಕದಂತೆ ನೋಡಿದರೆ ಸರಿಯಾದ ಸಲಹೆ. ದಡದಲ್ಲಿ ನಿಂತ ಭೀಮನ ಬೈಗುಳ ನೀರನ್ನು ದಾಟಿ ಒಳಗೆ ಮುಟ್ಟಿದೊಡನೆ, ತಣ್ಣಗಿನ ಕೊಳದೊಳಗೇ ಅವನ ಮೈ ಸಿಟ್ಟಿಗೆ ಬೆವರುತ್ತದೆ, ಎದ್ದು ಬರುತ್ತಾನೆ. ಮಾತಿಗೆ ಕೆರಳುವವನಿಗೆ ಕೊಳವೂ ಆಶ್ರಮವಾಗದು. ವೂಷಿಯಾದಲ್ಲಿ ಬೆಟ್ಟ ಸೇರಿದ ಮುದಿವೀರನ ಗುಡಿಸಲಿನೆದುರು ಹಳೇ ಹಗೆಯವನು ಬಂದು ಸವಾಲು ಹಾಕುವ ದೃಶ್ಯ ಮತ್ತೆ ಮತ್ತೆ ಬರುತ್ತದೆ; ರನ್ನ ಅದನ್ನು ಸಾವಿರ ವರ್ಷ ಮೊದಲೇ ಬರೆದಿಟ್ಟಿದ್ದಾನೆ.

ಶಸ್ತ್ರಸಂನ್ಯಾಸದ ಲಕ್ಷಣಕ್ಕೆ ಪೂರ್ತಿ ಹೊಂದದಿದ್ದರೂ, ಅರಸರಲ್ಲಿ ಕಲ್ಯಾಣ ಚಾಲುಕ್ಯರ ಒಂದನೆಯ ಸೋಮೇಶ್ವರನನ್ನು ಇಲ್ಲಿ ಹೆಸರಿಸಬೇಕು. ಚೋಳರೊಡನೆ ಬಾಳಿಡೀ ಕಾದಿದ ಅವನು ವಾಸಿಯಾಗದ ಜ್ವರಕ್ಕೆ ಸಿಕ್ಕಿ 1068ರಲ್ಲಿ ಕುರುವತ್ತಿಯಲ್ಲಿ ತುಂಗಭದ್ರೆಗೆ ಇಳಿದು ಜಲಸಮಾಧಿ ಪಡೆದ.

ಕಲ್ಯಾಣ ಬಿಟ್ಟವರು, ಬೆನ್ನು ಕಾಯ್ದವನು

ಬಸವಣ್ಣ ಹುಟ್ಟಿದ್ದು ಬಸವನ ಬಾಗೇವಾಡಿಯಲ್ಲಿ. ತಾಯಿಯ ತವರು ಹತ್ತಿರದ ಇಂಗಳೇಶ್ವರ. ಚಿಕ್ಕಂದಿನಲ್ಲಿ ಉಪನಯನ ಒಲ್ಲೆನೆಂದು ಮನೆ ಬಿಟ್ಟು ಕೂಡಲಸಂಗಮಕ್ಕೆ ಹೋದದ್ದು ಅವರ ಮೊದಲ ತೊರೆಯುವಿಕೆ. ಕಲ್ಯಾಣದಲ್ಲಿ ಬಿಜ್ಜಳನ ಭಂಡಾರದ ಹೊಣೆ ಹೊತ್ತವರು ಕಡೆಗೆ ಅದನ್ನೂ ಬಿಟ್ಟು ಅದೇ ಸಂಗಮಕ್ಕೆ ಮರಳಿದರು. ಹರಳಯ್ಯ, ಮಧುವರಸರ ಮಕ್ಕಳ ಮದುವೆ, ಅದಕ್ಕೆ ಬಿದ್ದ ಎಳೆಹೂಟೆಯ ಶಿಕ್ಷೆ, ಶರಣರ ಚದುರುವಿಕೆ, ಬಿಜ್ಜಳನ ಕೊಲೆ ಇವೆಲ್ಲ 1167–68ರ ಸುಮಾರಿಗೆ ನಡೆದವೆಂದು ಸಾಮಾನ್ಯವಾಗಿ ಒಪ್ಪುತ್ತಾರೆ. ಬಸವಣ್ಣನವರದು ಖಡ್ಗದ ನಿವೃತ್ತಿಯಲ್ಲ, ಅಧಿಕಾರದ್ದು. ಹಾಗಿದ್ದೂ ಆ ಚದುರುವಿಕೆಯಲ್ಲಿ ಖಡ್ಗ ಬೇಕೇ ಬೇಕಾಯಿತು.

ಅದನ್ನು ಹಿಡಿದವರು ದೇವರ ಹಿಪ್ಪರಗಿಯ ಮಡಿವಾಳ ಮಾಚಿದೇವ. ಊರು ಬಹುಕಾಲ ಸಿಂದಗಿ ತಾಲ್ಲೂಕಿನಲ್ಲಿತ್ತು, ಈಗ ಸ್ವತಂತ್ರ ತಾಲ್ಲೂಕು ಕೇಂದ್ರ. ಕಲ್ಯಾಣದಲ್ಲಿ ಶರಣರ ಬಟ್ಟೆ ಮಡಿ ಮಾಡುವ ಕಾಯಕ ಅವರದು. ಬಿಜ್ಜಳ ಕಳಿಸಿದ ಆನೆ-ಸೇನೆಯನ್ನು ಒಬ್ಬರೇ ಹಿಮ್ಮೆಟ್ಟಿಸಿದರೆಂಬ ಕಥೆ ಪುರಾಣಗಳಲ್ಲಿದೆ. ಚನ್ನಬಸವಣ್ಣನವರ ದಂಡು ವಚನದ ಕಟ್ಟುಗಳನ್ನು ಹೊತ್ತು ಉಳವಿಯ ಕಡೆ ಸಾಗುವಾಗ ಬೆನ್ನಟ್ಟಿ ಬಂದ ಸೇನೆಯನ್ನು ಕಾದರೊಳ್ಳಿ, ಮುರಗೋಡ ಸೀಮೆಯಲ್ಲಿ ತಡೆದು ನಿಂತವರು ಅವರೇ ಎಂದು ಪರಂಪರೆ ಹೇಳುತ್ತದೆ. ಅವರ ಕೊನೆಯೂ ಆ ದಾರಿಯಲ್ಲೇ ಆಯಿತು, ಉಳವಿಯವರೆಗೆ ಹೋಗಲಾಗಲಿಲ್ಲ. ಹತ್ತು ಜನ ನೆಮ್ಮದಿಯಿಂದ ಕಣ ಬಿಡಬೇಕಾದರೆ ಒಬ್ಬ ಬಿಡದೆ ನಿಲ್ಲಬೇಕಾಗುತ್ತದೆ. ಚೀನೀ ಕಾದಂಬರಿಗಳಲ್ಲಿ ಷಿಯಾಂಗ್‌ಯಾಂಗ್ ಕೋಟೆ ಕಾಯುತ್ತ ಮಡಿಯುವ ಗುವೊ ಜಿಂಗ್ ಇದೇ ಜಾತಿಯವನು. ಅವನು ಕೋಟೆಯಲ್ಲಿ ಉಳಿದದ್ದರಿಂದ ಯಾಂಗ್ ಗುವೊನ ಏಕಾಂತಕ್ಕೆ ಅರ್ಥ ಬಂತು. ಕಥೆ ಕೇಳುವವರು ಏಕಾಂತಕ್ಕೆ ಹೋದವರನ್ನು ಹೆಚ್ಚು ನೆನೆಯುತ್ತಾರೆ. ಮಾಚಿದೇವರ ವಿಷಯದಲ್ಲಿ ಹಾಗಾಗಲಿಲ್ಲ ಎಂಬುದು ಕನ್ನಡ ಪರಂಪರೆಯ ಹೆಚ್ಚುಗಾರಿಕೆ.

ಮುದ್ದೇಬಿಹಾಳ ತಾಲ್ಲೂಕಿನ ತಂಗಡಗಿ ಇದೇ ಕಥೆಯ ಇನ್ನೊಂದು ನಿಲ್ದಾಣ. ಸಂಗಮಕ್ಕೆ ಬಾ ಎಂದು ಬಸವಣ್ಣ ಹೇಳಿಕಳಿಸಿದಾಗ ಹಡಪದ ಅಪ್ಪಣ್ಣನೊಡನೆ ಹೊರಟ ಅವರ ಮಡದಿ ನೀಲಮ್ಮ, ತಲುಪುವ ಮುಂಚೆಯೇ ಅವರ ಐಕ್ಯದ ಸುದ್ದಿ ತಿಳಿದು ಕೃಷ್ಣೆಯ ದಂಡೆಯ ಈ ಊರಲ್ಲೇ ಐಕ್ಯಳಾದಳೆಂದು ನಂಬಿಕೆ. ಇಲ್ಲಿರುವವನು ಅಲ್ಲಿಲ್ಲವೇ ಎಂದು ಆಕೆ ಕೇಳಿದಳೆಂಬ ಮಾತು ಈ ಭಾಗದ ಪ್ರವಚನಗಳಲ್ಲಿ ಈಗಲೂ ಬರುತ್ತದೆ.

ಬಿಡಲೊಲ್ಲದವರು

ನಾಲ್ಕು ಶತಮಾನದ ಬಳಿಕ ಅದೇ ತಂಗಡಗಿಯ ಹೆಸರು ಬೇರೆ ಕಾರಣಕ್ಕೆ ಚರಿತ್ರೆಗೆ ಬಂತು. 1564ರ ಡಿಸೆಂಬರ್‌ನಲ್ಲಿ ದಖ್ಖನಿನ ಸುಲ್ತಾನರ ಸೇನೆಗಳು ಡೋಣಿಯ ದಂಡೆಯ ತಾಳಿಕೋಟೆಯಲ್ಲಿ ಕೂಡಿದವು. 1565ರ ಜನವರಿ 23ರಂದು ಕೃಷ್ಣೆಯ ಬಳಿ ನಡೆದ ಕದನವನ್ನು ತಾಳಿಕೋಟೆ ಕದನ, ರಕ್ಕಸಗಿ-ತಂಗಡಗಿ ಕದನ ಎಂದು ಎರಡು ಬಗೆಯಲ್ಲಿ ಕರೆಯುತ್ತಾರೆ. ವಿಜಯನಗರದ ಪಡೆಯನ್ನು ನಡೆಸಿದ ಅಳಿಯ ರಾಮರಾಯನಿಗೆ ಆಗ ಎಂಬತ್ತರ ಆಸುಪಾಸು ಎಂದು ಹಲವರು ಬರೆದಿದ್ದಾರೆ. ಅದಕ್ಕಿಂತ ಹೆಚ್ಚೆಂದವರೂ ಇದ್ದಾರೆ. ಸಿಂಹಾಸನದ ಮೇಲೆ ಸದಾಶಿವರಾಯನಿದ್ದ, ಪಕ್ಕದಲ್ಲಿ ಯುದ್ಧಬಲ್ಲ ತಮ್ಮಂದಿರಿದ್ದರು. ಒಂದು ಕಾಲಕ್ಕೆ ಬಿಜಾಪುರದ ಅಲಿ ಆದಿಲ್‌ಶಹಾ ರಾಮರಾಯನ ಮಗ ತೀರಿದಾಗ ವಿಜಯನಗರಕ್ಕೆ ಬಂದು ಸಾಂತ್ವನ ಹೇಳಿ, ಮಗನ ಸ್ಥಾನದಲ್ಲಿ ಆದರಿಸಲ್ಪಟ್ಟಿದ್ದ. ಸುಲ್ತಾನರ ನಡುವೆ ಒಬ್ಬರ ಮೇಲೊಬ್ಬರನ್ನು ಎತ್ತಿಕಟ್ಟುವ ಆಟವನ್ನು ದಶಕಗಳ ಕಾಲ ಗೆಲ್ಲುತ್ತ ಬಂದವನಿಗೆ ಎದ್ದುಹೋಗಲು ಎಷ್ಟೋ ಸಂದರ್ಭಗಳಿದ್ದವು. ಕುದುರೆಯೇರುವಂತೆ ಸರದಾರರು ಬೇಡಿಕೊಂಡರೂ ಮೇನೆಯಲ್ಲೇ ಕುಳಿತನೆಂದು ಇತಿಹಾಸಕಾರ ಫಿರಿಷ್ತಾ ಬರೆಯುತ್ತಾನೆ. ಸೆರೆಸಿಕ್ಕ ಅವನ ತಲೆಯನ್ನು ಹುಸೇನ್ ನಿಜಾಮ್‌ಶಹಾ ಕತ್ತರಿಸಿದ, ಪಡೆ ಚೆದುರಿತು. ಫಾನ್ ಲೀಯ ಪಾಠ ರಾಮರಾಯನಿಗೆ ತಿಳಿದಿದ್ದರೆ ಎನ್ನುವುದು ಸುಲಭ. ಅವನು ಬೆಳೆದ ಲೋಕದಲ್ಲಿ ಮುದಿ ದಂಡನಾಯಕ ಮನೆಯಲ್ಲಿ ಕೂತರೆ ಅದಕ್ಕೆ ಜಾಣತನವೆಂಬ ಹೆಸರು ಸಿಗುತ್ತಿರಲಿಲ್ಲ.

ಆದಿಲ್‌ಶಾಹಿಯ ಸರದಾರ ಅಫಜಲಖಾನನ ಐತಿಹ್ಯ ಇನ್ನೂ ಕರಾಳ. 1659ರಲ್ಲಿ ಶಿವಾಜಿಯ ಮೇಲೆ ಹೊರಡುವಾಗ ತಾನು ಮರಳುವುದಿಲ್ಲವೆಂಬ ಭವಿಷ್ಯ ಕೇಳಿ ತನ್ನ ಹೆಂಡಿರನ್ನೆಲ್ಲ ಕೊಂದನೆಂಬುದು ವಿಜಯಪುರದ ಹೊರವಲಯದ ಸಾಠ್ ಕಬರ್‌ಗೆ ಅಂಟಿದ ಕಥೆ. ಕಥೆ ನಿಜವಿರಲಿ ಬಿಡಲಿ, ಹಿಂದಿರುಗುವ ದಾರಿಯನ್ನು ತಾನೇ ಕೆಡವಿ ಹೊರಡುವವನೇ ಯೋಧ ಎಂಬ ನಂಬಿಕೆ ಎಷ್ಟು ಬಲವಾಗಿತ್ತೆಂಬುದಕ್ಕೆ ಆ ಸಮಾಧಿಸಾಲು ಸಾಕ್ಷಿಯಂತಿದೆ. ಖಾನ್ ಆ ವರ್ಷದ ನವೆಂಬರ್‌ನಲ್ಲಿ ಪ್ರತಾಪಗಡದ ಬುಡದಲ್ಲಿ ಸತ್ತ.

ಆಯುಧ ಬಿಡು ಎಂದು ಸರ್ಕಾರವೇ ಕಾನೂನು ಮಾಡಿದ್ದು 1857ರಲ್ಲಿ. ಮುಧೋಳ ಸೀಮೆಯ ಹಲಗಲಿಯ ಬೇಡರು ಒಪ್ಪಲಿಲ್ಲ. ಬೇಟೆ, ಕಾವಲು, ಮಾನ ಮೂರೂ ಅದೇ ಕತ್ತಿ-ಬಂದೂಕಿನಲ್ಲಿದ್ದವು. ನವೆಂಬರ್ ಕೊನೆಯಲ್ಲಿ ಬ್ರಿಟಿಷ್ ಪಡೆ ಊರಿಗೆ ಬೆಂಕಿಯಿಟ್ಟಿತು. ಡಿಸೆಂಬರ್‌ನಲ್ಲಿ 19 ಮಂದಿಯನ್ನು ಮುಧೋಳ ಮತ್ತು ಹಲಗಲಿಯಲ್ಲಿ ಗಲ್ಲಿಗೇರಿಸಿದರು. ಜೆ.ಎಫ್. ಫ್ಲೀಟ್ ಸಂಗ್ರಹಿಸಿ ಅಚ್ಚು ಹಾಕಿಸಿದ ಲಾವಣಿಗಳಲ್ಲಿ ಇವರ ಹಾಡೂ ಒಂದು. ಬಲವಂತದಿಂದ ಮಾಡಿಸಿದ ಶಸ್ತ್ರಸಂನ್ಯಾಸವನ್ನು ಜನ ನೆನಪಿನಲ್ಲಿಟ್ಟ ಬಗೆ ಅದು.

ನಿಂಬಾಳದ ಏಕಾಂತ

ಇಂಡಿ ಸೀಮೆಗೆ ಬಂದರೆ ವೀರರ ಬದಲು ವಿರಕ್ತರ ನೆನಪಾಗುತ್ತದೆ. ಉಮದಿಯ ಭಾವುಸಾಹೇಬ ಮಹಾರಾಜರು (1843–1914) ಇಂಚಗೇರಿಯಲ್ಲಿ ಮಠ ಕಟ್ಟಿ ನಾಮಸ್ಮರಣೆಯ ಸಂಪ್ರದಾಯವನ್ನು ಬೆಳೆಸಿದರು. ಅವರ ಶಿಷ್ಯ, ಜಮಖಂಡಿಯಲ್ಲಿ 1886ರಲ್ಲಿ ಹುಟ್ಟಿದ ರಾ.ದ. ರಾನಡೆ, ಅಲಹಾಬಾದ್ ವಿಶ್ವವಿದ್ಯಾಲಯದಲ್ಲಿ ತತ್ತ್ವಶಾಸ್ತ್ರದ ಮುಖ್ಯಸ್ಥರಾಗಿ, ಕುಲಪತಿಯೂ ಆಗಿ, ಕೊನೆಗೆ ಸೊಲ್ಲಾಪುರ–ವಿಜಯಪುರ ರೈಲುದಾರಿಯ ಪುಟ್ಟ ನಿಲ್ದಾಣ ನಿಂಬಾಳದಲ್ಲಿ ನೆಲೆ ನಿಂತು 1957ರಲ್ಲಿ ತೀರಿಕೊಂಡರು. ವಿದ್ವತ್ತಿನ ಕಣವೂ ಕಣವೇ ಎಂದು ಒಪ್ಪುವವರಿಗೆ ಮಾತ್ರ ಈ ಉದಾಹರಣೆ ಸಲ್ಲುತ್ತದೆ. ಕೀರ್ತಿಯ ಊರಿಗೂ ಏಕಾಂತದ ಊರಿಗೂ ವರ್ಷವರ್ಷ ಓಡಾಡಿ, ಬಿಡುವುದನ್ನು ಮೊದಲೇ ರೂಢಿ ಮಾಡಿಕೊಂಡಿದ್ದು ಅವರ ವಿಶೇಷ.

ಗರಡಿಯಿಂದ ಕಟ್ಟೆಗೆ

ಕತ್ತಿ ಹೋದ ಮೇಲೆ ಈ ಸೀಮೆಯಲ್ಲಿ ಜಿಯಾಂಗ್‌ಹುವಿಗೆ ಹತ್ತಿರದ ಲೋಕವೆಂದರೆ ಕುಸ್ತಿ. ಅದಕ್ಕೆ ವಸ್ತಾದರಿದ್ದಾರೆ, ಗರಡಿಮನೆಗಳಿವೆ, ಮನೆತನದ ಪಟ್ಟುಗಳಿವೆ, ಜಾತ್ರೆಯಿಂದ ಜಾತ್ರೆಗೆ ಸಾಗುವ ಹಗೆ-ಗೆಳೆತನಗಳಿವೆ. ಸಂಕ್ರಾಂತಿಗೆ ನಡೆಯುವ ವಿಜಯಪುರದ ಸಿದ್ಧೇಶ್ವರ ಜಾತ್ರೆಯಲ್ಲಿ ಭಾರ ಎತ್ತುವ ಪಂದ್ಯವೂ ಜಂಗೀ ಕುಸ್ತಿಯೂ ಇರಲೇಬೇಕು. ತಾಲ್ಲೂಕುಗಳ ಸಣ್ಣ ಜಾತ್ರೆಗಳೂ ಕೆಂಪುಮಣ್ಣಿನ ಅಖಾಡವಿಲ್ಲದೆ ಪೂರ್ತಿಯಾಗುವುದಿಲ್ಲ. ಕೊಲ್ಹಾಪುರದ ಶಾಹು ಮಹಾರಾಜರು ಕುಸ್ತಿಗೆ ಕೊಟ್ಟ ಆಶ್ರಯ, 1912ರಲ್ಲಿ ಅಲ್ಲಿ ಎದ್ದ ಖಾಸಬಾಗ ಮೈದಾನ ಇವುಗಳ ಪ್ರಭಾವ ಗಡಿ ದಾಟಿ ಇತ್ತಲೂ ಹಬ್ಬಿತು. ಉತ್ತರ ಕರ್ನಾಟಕದ ಎಷ್ಟೋ ಹುಡುಗರು ಅಲ್ಲಿಯ ತಾಲೀಮಿಗೆ ಹೋದರು.

ಪೈಲವಾನನ ಖುರಾಕು ಅಗ್ಗದ್ದಲ್ಲ. ಹಾಲು, ತುಪ್ಪ, ಬದಾಮಿಗೆ ಊರಿನ ಉಳ್ಳವರೋ ದೈವದವರೋ ಕೈಹಿಡಿಯಬೇಕು. ಹಳೆಯ ಜೋಳದ ಪಾಳಿ ಇಲ್ಲಿ ಹೊಸ ರೂಪದಲ್ಲಿ ಮುಂದುವರಿದಿದೆ: ಊರಿನ ಹಾಲು ಕುಡಿದವನು ಊರಿನ ಹೆಸರಿಗಾಗಿ ಅಖಾಡಕ್ಕಿಳಿಯಬೇಕು, ಬೆಳ್ಳಿ ಕಡಗ ಗೆದ್ದು ಬಂದರೆ ಹೆಗಲ ಮೇಲೆ ಹೊತ್ತು ತರುವವರೂ ಆ ಊರಿನವರೇ. ಬಿಡುವುದಕ್ಕೆ ಬೋಗುಣಿಯಿಲ್ಲ, ಸಾರುವುದೂ ಇಲ್ಲ. ಲಗ್ನವಾಗುತ್ತದೆ, ಮೊಳಕಾಲು ಕೈಕೊಡುತ್ತದೆ, ಒಂದು ಜಾತ್ರೆಯಲ್ಲಿ ಜೋಡಿ ಕಟ್ಟುವವರು ಅವನ ಹೆಸರು ಕರೆಯುವುದಿಲ್ಲ. ಅಲ್ಲಿಂದ ಮುಂದೆ ಅವನು ಹುಡುಗರಿಗೆ ಸಾಮು ಹೇಳಿಕೊಡುವ ವಸ್ತಾದ, ಅಖಾಡದ ಅಂಚಿನಲ್ಲಿ ಪಟಗ ಸುತ್ತಿ ಕೂತು ತೀರ್ಪು ಹೇಳುವ ಹಿರಿಯ. ಚೀನೀ ವೀರನಂತೆ ಲೋಕದ ಹೊರಗೆ ಹೋಗಬೇಕಾಗಿಲ್ಲ, ನಾಲ್ಕು ಹೆಜ್ಜೆ ಹಿಂದೆ ಸರಿದರಾಯಿತು. ಕನ್ನಡ ನಾಡು ಕಂಡುಕೊಂಡ ನಿವೃತ್ತಿಗಳಲ್ಲಿ ಇದೇ ಹೆಚ್ಚು ಮನುಷ್ಯಸಹಜವಾದದ್ದು. ಅದರ ಕೊರತೆ ಹಣದ್ದು. ಮಾಜಿ ಕುಸ್ತಿಪಟುಗಳಿಗೆ ರಾಜ್ಯ ಸರ್ಕಾರ ಮಾಸಾಶನ ಕೊಡುತ್ತದೆ; ಅದಕ್ಕೆ ಯಾವ ಮಟ್ಟದಲ್ಲಿ ಆಡಿದ್ದರೆಂಬ ಪ್ರಮಾಣಪತ್ರ ಬೇಕು. ಬಾಳೆಲ್ಲ ಜಾತ್ರೆಯ ಮಣ್ಣಿನಲ್ಲಿ ಕಳೆದವನ ಬಳಿ ಕಡಗ ಇರುತ್ತದೆ, ಕಾಗದ ಇರುವುದಿಲ್ಲ.

ಅಗಸಿಯಲ್ಲಿ ಆರತಿ

ವಿಜಯಪುರದಲ್ಲಿ 1963ರಲ್ಲಿ ಸೈನಿಕ ಶಾಲೆ ಆರಂಭವಾಯಿತು. ಅದರಿಂದ ಅಧಿಕಾರಿಗಳಾದವರು ಒಂದು ಕಡೆ. ಹಳ್ಳಿಗಳಿಂದ ನೇರವಾಗಿ ಜವಾನರಾಗಿ ಸೇರಿದವರು ಅವರಿಗಿಂತ ಎಷ್ಟೋ ಪಾಲು ಹೆಚ್ಚು. ಈ ಜವಾನರಲ್ಲಿ ಬಹಳ ಜನ ನಲವತ್ತು ತುಂಬುವ ಹೊತ್ತಿಗೆ ಪಿಂಚಣಿ ಪಡೆದು ಊರಿಗೆ ಮರಳುತ್ತಾರೆ. ಈಚಿನ ವರ್ಷಗಳಲ್ಲಿ ಈ ಮರಳುವಿಕೆಗೆ ಒಂದು ವಿಧಿಯೇ ಬೆಳೆದಿದೆ. ರೈಲು ನಿಲ್ದಾಣದಿಂದಲೋ ತಾಲ್ಲೂಕು ಕೇಂದ್ರದಿಂದಲೋ ತೆರೆದ ಜೀಪಿನಲ್ಲಿ ಮೆರವಣಿಗೆ, ಡೊಳ್ಳು, ಶಾಲೆಯ ಮಕ್ಕಳ ಸಾಲು, ಊರ ಅಗಸಿಯಲ್ಲಿ ಆರತಿ, ಸ್ವಾಮಿಗಳ ಸಾನ್ನಿಧ್ಯದಲ್ಲಿ ಸತ್ಕಾರ. ಶತಮಾನಗಟ್ಟಲೆ ಸತ್ತ ವೀರನಿಗಷ್ಟೇ ಕಲ್ಲು ನಿಲ್ಲಿಸುತ್ತಿದ್ದ ನಾಡು ಬದುಕಿ ಬಂದವನನ್ನು ಎದುರುಗೊಳ್ಳಲು ಕಲಿತದ್ದು ಹೊಸದು, ಗಮನಿಸತಕ್ಕದ್ದು. ಸಾಕ್ಷಿಗೆ ನೆರೆದವರಿಂದ ಇಲ್ಲಿ ತಡೆಯಿಲ್ಲ, ಬೋಗುಣಿ ಉರುಳಿಸುವವರಿಲ್ಲ. ಭಾಷಣಗಳು ತುಸು ಉದ್ದವಾಗುತ್ತವೆ, ಅಷ್ಟೆ.

ಮೆರವಣಿಗೆಯ ನಂತರದ ಬದುಕು ಎರಡು ದಾರಿಗೆ ಕವಲೊಡೆಯುತ್ತದೆ. ಕೆಲವರು ಬ್ಯಾಂಕಿನ ಬಾಗಿಲಿಗೆ, ಹಣ ಸಾಗಿಸುವ ಗಾಡಿಗೆ ಕಾವಲಾಗಿ ನಿಂತು ಬಿಟ್ಟ ಬಂದೂಕನ್ನೇ ಮತ್ತೆ ಹಿಡಿಯುತ್ತಾರೆ. ಉಳಿದವರು ಹೊಲಕ್ಕೆ ಇಳಿಯುತ್ತಾರೆ: ಇಂಡಿ ಕಡೆಯವರು ನಿಂಬೆ ಹಚ್ಚುತ್ತಾರೆ, ನೀರು ಸಿಕ್ಕವರು ದ್ರಾಕ್ಷಿಗೂ ಕಬ್ಬಿಗೂ ಕೈ ಹಾಕುತ್ತಾರೆ, ಸಿಗದವರು ಹಿಂಗಾರಿ ಮಳೆ ನೋಡಿಕೊಂಡು ಜೋಳ ಬಿತ್ತುತ್ತಾರೆ.